ಚೀಲ ಕಾಯುವ ಹುದ್ದೆಯ ಬಗ್ಗೆ ಡ್ರಿಲ್ ಸೀಟಿಗೊಂದು ಮನವಿ

ಡ್ರಿಲ್ ಮೇಷ್ಟ್ರ ಕೊರಳಲ್ಲಿ ರಾರಾಜಿಸುತ್ತಿರುವ ಸೀಟಿಯವರ ಸನ್ನಿಧಾನಕ್ಕೆ, ಐ.ಡಿ.ಹಳ್ಳಿ ಹೋಬಳಿಯ ಹೋರಾಟ ಸಮಿತಿ ಸಂಚಾಲಕ ಓಬಯ್ಯನ ದೀರ್ಘದಂಡ ನಮಸ್ಕಾರಗಳು.

ಮಾನ್ಯರೇ,

ಕಳೆದ ವರ್ಷ, ಅಂದರೆ ಅಂಗವಿಕಲರ ವರ್ಷವೆಂದು ದೇಶವೆಲ್ಲ ಭಾಷಣ ಮಾಡಿದ ೧೯೮೧ರಲ್ಲಿ, ನಮ್ಮೂರ ಶಾಲೆಯ ಬಾವುಟದ ಕಂಬದ ಕೆಳಗೆ ಎಲ್ಲ ಮಕ್ಕಳಿಗೂ ಆಟ ಎಂದು ಮಾತು ಕೊಟ್ಟರು. ನಾಲ್ಕನೇ ಕ್ಲಾಸಿನ ಭೀಮಕ್ಕನಿಗೆ ಕೊಡಲಿಲ್ಲ. ಸಾಲಿನಲ್ಲಿ ಜಾಗ ಎಂದರು, ಕೊಡಲಿಲ್ಲ. ಲಗೋರಿಯಲ್ಲಿ ಸರದಿ ಎಂದರು, ಅದನ್ನೂ ಕೊಡಲಿಲ್ಲ. ಪೋಲಿಯೋದಿಂದ ಎಡಗಾಲು ಸೊರಗಿದ ಅವಳಿಗೆ ಕೊಟ್ಟದ್ದು ಒಂದೇ: ಹುಣಸೆಮರದ ಕೆಳಗೆ ಕೂತು, ಓಡುವ ಮಕ್ಕಳ ಚೀಲ ಕಾಯುವ ಹುದ್ದೆ.

ತಾವೊಮ್ಮೆ ಪೀ ಎಂದರೆ ಅರವತ್ತು ಮಕ್ಕಳು ಎದ್ದೋಡುತ್ತಾರೆ. ಅರವತ್ತೊಂದನೆಯವಳು ಓಡಲಾರಳೆಂಬ ಸಣ್ಣ ವಿಷಯ ತಮ್ಮ ಹೊಟ್ಟೆಯೊಳಗಿನ ಗೋಲಿಗೆ ತಿಳಿಯಲೆಂದು ಬಯಸುವುದು ನಮ್ಮ ಉದ್ಧಟತನವೇ ಸರಿ. ಸಜ್ಜೆ ಹೊಲದಲ್ಲಿ ಕವಣೆ ಬೀಸಿ ಗಿಳಿ ಓಡಿಸುವ ಆ ಹುಡುಗಿ, ಕೂತಲ್ಲಿಂದಲೇ ಲಗೋರಿಯ ಏಳು ಕಲ್ಲನ್ನೂ ಒಂದೇ ಏಟಿಗೆ ಉರುಳಿಸುತ್ತಾಳೆ. ಚೆಂಡು ಎಸೆಯುವವಳು ಅವಳಾಗಲಿ, ಕಲ್ಲು ಜೋಡಿಸಲು ಜೊತೆಯವರು ಓಡಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಸಿದ್ದಗಂಗಯ್ಯನವರು, "ಅಂಗೆಲ್ಲ ರೂಲ್ಸ್‌ನಾಗೆ ಇಲ್ಲ ಕಣಯ್ಯ, ಹೋಗು" ಎಂದರು.

ನಾನು ಸುಮ್ಮನಿರುವ ಆಸಾಮಿಯೇ? "ಆಟ ಎಲ್ಲರ ಹಕ್ಕು" ಎಂದು ಕೆಂಪು ಬಟ್ಟೆಯ ಮೇಲೆ ಬರೆಸಿ, ಹೋದ ಸೋಮವಾರ ಊರ ಸುತ್ತ ಮೆರವಣಿಗೆ ಹೊರಡಿಸಿಯೇಬಿಟ್ಟೆ. ಹೊರಡುವ ಮುಂಚೆ, ಬಿಸಿಲಲ್ಲಿ ಮಗು ದಣಿದೀತೆಂಬ ಕ್ರಾಂತಿಕಾರಿ ಕರುಣೆಯಿಂದ ಭೀಮಕ್ಕನನ್ನು ಅದೇ ಹುಣಸೆಮರದ ಕೆಳಗೆ ಕೂರಿಸಿ, ನಮ್ಮೆಲ್ಲರ ಬಗಲುಚೀಲಗಳನ್ನು ಅವಳ ಪಕ್ಕದಲ್ಲಿಟ್ಟೆ. ಗಂಟಲು ಹರಿಯುವಂತೆ ಅವಳ ಹೆಸರು ಕೂಗಿ ವಾಪಸು ಬಂದಾಗ ಅವಳೆಂದಳು: "ಎಣಿಸ್ಕಳಣ್ಣೋ, ಹನ್ನೊಂದೂ ಅವೆ. ನಿಮ್ ಮೆರವಣಿಗೇಲೂ ನಂಗೆ ಇದೇ ಕೆಲ್ಸನಾ?"

ಮಾನ್ಯರೇ, ತಮ್ಮ ಮೇಲೆ ದೂರು ಬರೆಯಲು ಕೂತವನಿಗೆ ಈಗ ವಿಳಾಸದಲ್ಲಿ ಯಾರ ಹೆಸರು ಬರೆಯಬೇಕೆಂದೇ ತೋಚುತ್ತಿಲ್ಲ. ತಾವಾದರೂ ತಗಡಿನವರು, ನಾನು ಹತ್ತು ವರ್ಷ ಸಮಾನತೆಯ ಶಿಬಿರಗಳಲ್ಲಿ ಅನ್ನ ಉಂಡವನು. ಆದ್ದರಿಂದ ತಾವು ದಯಮಾಡಿ ಮೇಷ್ಟ್ರ ಕೊರಳಿನಿಂದ ಸ್ವತಃ ಇಳಿದು, ಹುಣಸೆಮರದವರೆಗೆ ನಡೆದು, ಒಂದು ಪೀರಿಯಡ್ಡಿನ ಮಟ್ಟಿಗೆ ಭೀಮಕ್ಕನ ಕೈಸೇರಬೇಕೆಂದು ಪ್ರಾರ್ಥನೆ.

ತಮ್ಮಷ್ಟೇ ಜೋರಾಗಿ ಕೂಗಿ, ತಮ್ಮಷ್ಟೇ ಟೊಳ್ಳಾಗಿ ಉಳಿದ
ತಮ್ಮ ವಿಶ್ವಾಸಿ,
ಓಬಯ್ಯ

ವಿ.ಸೂ.: ಮುಂದಿನ ಸಭೆ ಶಾಲೆಯ ಬಯಲಿನಲ್ಲೇ. ಚೆಂಡು ಎಸೆಯುವವಳು ಭೀಮಕ್ಕ. ಕಲ್ಲಿಗೆ ಓಡುವವರು ಸಮಿತಿಯವರು. ನನ್ನನ್ನು ಮಾತ್ರ ಅವಳು ಚೀಲ ಕಾಯಲು ನೇಮಿಸಿದ್ದಾಳೆ. ರೂಲ್ಸಿನ ಸಮೇತ ಮೇಷ್ಟ್ರನ್ನು ಕರೆತರುವ ಹೊಣೆ ತಮ್ಮದು. ಇದೇ ಜುಲೈ ೧೪, ಬುಧವಾರ, ಮಧ್ಯಾಹ್ನ ಮೂರೂವರೆ, ಡ್ರಿಲ್ ಪೀರಿಯಡ್.