ನಾರ್ಡಿಕ್ ಏಕಾಂತಕ್ಕೆ ಅಲ್ ಖೋರ್ ಬಸ್ಸು

ನನಗೆ ಗೊತ್ತಿಲ್ಲದ ವಿಷಯವನ್ನೇ ಹುಡುಕಿ ನನ್ನ ತಲೆಗೆ ಕಟ್ಟುವುದು ಈ ಲೋಕಕ್ಕೊಂದು ಚಟ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೋಹಾದಲ್ಲಿ, ಸಮಾರಂಭಗಳಿಗೆ ಕುರ್ಚಿ, ಮೈಕು ಒದಗಿಸುವ ಕಂಪನಿಯಲ್ಲಿದ್ದೆ. ಅಲ್ಲಿಗೂ ಬಂತು ನೋಡಿ, ನಾರ್ಡಿಕ್ ಚಿತ್ರಕಲೆಯ ಚರಿತ್ರೆ!

ಡೆನ್ಮಾರ್ಕ್, ನಾರ್ವೆ ಕಡೆಯ ಹಳೆಯ ಚಿತ್ರಗಳ ಪ್ರತಿಗಳನ್ನು ಹೊತ್ತು ಅಲ್ಲಿಯವರೇ ಆದ ಮೇಡಂ ಒಬ್ಬರು ದೇಶ ದೇಶ ತಿರುಗಿ ಪ್ರದರ್ಶನ, ಭಾಷಣ ನಡೆಸುತ್ತಿದ್ದರು. ಅವರಿಗೆ ‘ಅಂತರರಾಷ್ಟ್ರೀಯ ಪ್ರೇಕ್ಷಕರು’ ಬೇಕಿತ್ತು. ಮಂಗಳೂರು ಕಡೆಯವರಾದ ನಮ್ಮ ಯಜಮಾನರು, “ಅದಕ್ಕೇನಂತೆ, ಕುರ್ಚಿ ಜೊತೆ ಜನರನ್ನೂ ಸಪ್ಲೈ ಮಾಡುವ” ಎಂದು ಒಪ್ಪಿಕೊಂಡರು. ಆಮೇಲೆ ನನ್ನನ್ನು ಕರೆದು, “ನೋಡಿ ಮಾರಾಯ್ರೆ, ಹಾಲ್ ತುಂಬಬೇಕು, ಮೇಡಂ ಖುಷಿಯಾಗಿ ಹೋಗಬೇಕು. ಇಲ್ಲದಿದ್ದರೆ ನಿಮ್ಮ ವೀಸಾ ಖಲಾಸ್” ಎಂದರು.

ಹೆಂಡತಿ ಮೈಸೂರಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಆಗಷ್ಟೇ ಪರದೆ ಹೊಲಿಸಿದ್ದೆವು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮುಖ್ಯ ಅತಿಥಿ

ಯಜಮಾನರಿಗೆ ಮುಖ್ಯ ಅತಿಥಿ ಇಲ್ಲದೆ ಕಾರ್ಯಕ್ರಮವೇ ಇಲ್ಲ. ಚಿತ್ರಗಳ ಪಟ್ಟಿ ತಿರುವಿಹಾಕಿ, “ಈ ಆರ್ಟಿಸ್ಟುಗಳಲ್ಲೇ ಒಬ್ಬರನ್ನು ಕರೆಸಿ ಶಾಲು ಹೊದೆಸುವ” ಎಂದರು.

“ಅವರೆಲ್ಲ ತೀರಿಹೋಗಿ ಬಹಳ ಕಾಲವಾಯಿತು ಸಾರ್.”

“ಎಲ್ಲರೂವಾ?”

“ಎಲ್ಲರೂ.”

ಯಜಮಾನರು ಪಟ್ಟಿ ಮಡಚಿಟ್ಟರು. ನಂತರ ಹೇಳಿದರು: “ಹಾಗಾದ್ರೆ ಅವರ ಹೋಟೆಲ್ ರೂಮು ಕ್ಯಾನ್ಸಲ್ ಮಾಡಿ.”

ಹಿಮದ ಪೋಸ್ಟರ್

ಪೋಸ್ಟರಿನಲ್ಲಿ ಹಿಮ ಮುಚ್ಚಿದ ಬೆಟ್ಟವಿತ್ತು. ಅಂಗಡಿಗಳಿಗೆ ಹಂಚಲು ಹೊರಟರೆ ನೂಕುನುಗ್ಗಲು. ಒಬ್ಬ ಎರಡು ಕೇಳಿದ, ಇನ್ನೊಬ್ಬ ಮುಐದರ್ ಬಡಾವಣೆಯಲ್ಲಿರುವ ತಮ್ಮನಿಗೂ ಒಂದು ಬೇಕೆಂದ. ದೋಹಾದಲ್ಲಿ ಇಷ್ಟು ಕಲಾರಸಿಕರೇ ಎಂದು ನಾನು ಉಬ್ಬಿಹೋದೆ.

ಮರುದಿನ ಮೇಡಂ ಜೊತೆ ಕಾರಿನಲ್ಲಿ ಆ ಬೀದಿಗೆ ಹೋದೆ. ಜ್ಯೂಸ್ ಅಂಗಡಿ, ಐಸ್‌ಕ್ರೀಂ ಅಂಗಡಿ, ಏಸಿ ರಿಪೇರಿ ಅಂಗಡಿ, ಎಲ್ಲ ಕಡೆ ಬೆಟ್ಟ ರಾರಾಜಿಸುತ್ತಿತ್ತು. ಕೆಳಗಿನ ದಿನಾಂಕ, ಸ್ಥಳವನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಮೇಡಂಗೆ ಆನಂದವೋ ಆನಂದ. ಏಸಿ ರಿಪೇರಿಯವನಂತೂ ಬೆಟ್ಟದ ಮೇಲೆಯೇ ತನ್ನ ಫೋನ್ ನಂಬರ್ ಬರೆದುಕೊಂಡಿದ್ದ.

ಬಿಸಿಲಿನ ಹಂಬಲ

ಭಾಷಣದ ದಿನ ಹಾಲಿನಲ್ಲಿ ನೊಣವೂ ಇಲ್ಲ. ಕಲೆ ಎಂದರೆ ಪ್ರಾಣ, ಬಂದೇ ಬರುತ್ತೇವೆ ಎಂದಿದ್ದ, ದೋಹಾದಲ್ಲೇ ಕೆಲಸದಲ್ಲಿದ್ದ ಬೆಂಗಳೂರಿನ ಆಫೀಸರುಗಳೆಲ್ಲ ಒಂದೇ ಸಲಕ್ಕೆ ನೆಗಡಿ ಬಂದು ಮಲಗಿದ್ದರು. ನಾನು ಹಾಲಿಗೂ ರಸ್ತೆಗೂ ಓಡಾಡತೊಡಗಿದೆ. ಯಜಮಾನರು ಮಾತ್ರ ಜಗ್ಗಲಿಲ್ಲ. ಫೋನೆತ್ತಿ, ಬಿರಿಯಾನಿಯ ಭರವಸೆ ಕೊಟ್ಟು, ಊರಾಚೆ ಅಲ್ ಖೋರಿನ ಲೇಬರ್ ಕ್ಯಾಂಪಿನಿಂದ ಕೆಲಸಗಾರರ ಬಸ್ಸನ್ನೇ ತರಿಸಿದರು. ಇಂಡಿಯಾ, ನೇಪಾಳ, ಬಾಂಗ್ಲಾ, ಫಿಲಿಪೈನ್ಸ್. ಇದಕ್ಕಿಂತ ಅಂತರರಾಷ್ಟ್ರೀಯ ಇನ್ನೇನು ಬೇಕು?

ಮೇಡಂ ಭಾವುಕರಾದರು. “ನಮ್ಮ ನಾಡಿನಲ್ಲಿ ಚಳಿಗಾಲವಿಡೀ ಸೂರ್ಯನಿಗಾಗಿ ಕಾಯುತ್ತೇವೆ. ನಮ್ಮ ಕಲಾವಿದರು ಜೀವಮಾನವೆಲ್ಲ ಬಿಸಿಲಿಗೆ ಹಂಬಲಿಸಿದರು!”

ನಾನು ಅನುವಾದಿಸಿದೆ. ಹಗಲಿಡೀ ಬಿಸಿಲಲ್ಲಿ ಕಬ್ಬಿಣ ಹೊತ್ತು ಬಂದವರು ಮುಖ ಮುಖ ನೋಡಿಕೊಂಡರು. ಪುತ್ತೂರು ಕಡೆಯ ಫೋರ್‌ಮನ್ ಎದ್ದು ನಿಂತ. “ಮೇಡಮಿಗೆ ಹೇಳಿ ಸಾರ್, ಇಲ್ಲಿಂದ ಬೇಕಾದಷ್ಟು ತೆಕ್ಕೊಂಡು ಹೋಗ್ಲಿ. ನಮ್ಗೇನೂ ಬೇಜಾರಿಲ್ಲ.”

ಖಾಲಿ ಕೋಣೆ

ಭಾಷಣ ಮುಗಿದ ಮೇಲೆ ಚಿತ್ರ ನೋಡುವ ಕಾರ್ಯಕ್ರಮ. ಎಲ್ಲರೂ ಒಂದೇ ಚಿತ್ರದ ಮುಂದೆ ನಿಂತುಬಿಟ್ಟರು. ದೊಡ್ಡ ಖಾಲಿ ಕೋಣೆ, ಒಂದು ಕಿಟಕಿ, ಬೆನ್ನು ತಿರುಗಿಸಿ ನಿಂತ ಒಬ್ಬಳೇ ಹೆಂಗಸು. ಬಿರಿಯಾನಿ ಬಂದರೂ ಒಬ್ಬರೂ ಕದಲಲಿಲ್ಲ.

ಮೇಡಂ ನನ್ನ ತೋಳು ಹಿಡಿದರು. “ನೋಡಿ, ನಮ್ಮ ಏಕಾಂತ ಇವರ ಎದೆಗೆ ತಟ್ಟಿದೆ! ಅವರಿಗೆ ಏನನಿಸುತ್ತಿದೆ ಎಂದು ಕೇಳಿ.”

ಕೇಳಿದೆ. ಫೋರ್‌ಮನ್ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದ: “ಬಾಗಿಲ ಹತ್ರ ಎರಡಂತಸ್ತಿನ ಮಂಚ ಎರಡು, ಕಿಟಕಿ ಕೆಳಗೆ ಎರಡು. ಎಂಟು ಜನ ಆರಾಮಲ್ಲಿ ಮಲಗ್ಬಹುದು. ಇವ್ರು ಒಬ್ರೇ ಎಂತ ಮಾಡ್ತಾರೆ ಸಾರ್ ಇಲ್ಲಿ?”

ಯಜಮಾನರು ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ನಮ್ಮ ಫ್ಲ್ಯಾಟಿನ ಆ ಹೊಸ ಪರದೆಗಳು ಬಂದವು.

“ಈ ಖಾಲಿ ಕೋಣೆಯಲ್ಲಿ ತನಗೆ ದೂರದ ಗೆಳೆಯರೆಲ್ಲ ಕಾಣುತ್ತಿದ್ದಾರಂತೆ” ಎಂದೆ ಇಂಗ್ಲಿಷಿನಲ್ಲಿ.

ಮೇಡಂ ಕಣ್ಣಲ್ಲಿ ಫಳಕ್ಕನೆ ನೀರು! ಇಂಥ ಮಾತನ್ನು ಯುರೋಪಿನಲ್ಲೂ ಕೇಳಿಲ್ಲವೆಂದು ಯಜಮಾನರ ಕೈ ಕುಲುಕಿ, ಮುಂದಿನ ವರ್ಷದ ಪ್ರದರ್ಶನವನ್ನೂ ನಮ್ಮ ಕಂಪನಿಗೇ ಒಪ್ಪಿಸಿದರು. ಯಜಮಾನರು ದೂರದಿಂದಲೇ ನನಗೆ ಹೆಬ್ಬೆರಳು ತೋರಿಸಿದರು. ವೀಸಾ ಉಳಿಯಿತು!

ಮೇಡಂ ಕಣ್ಣೊರೆಸಿಕೊಂಡು, “ಅವರಿಗೆ ಇನ್ನೇನಾದರೂ ಹೇಳುವುದಿದೆಯೇ?” ಎಂದರು.

ಫೋರ್‌ಮನ್ ತನ್ನ ಸಂಗಡಿಗರ ಕಡೆ ತಿರುಗಿದ. ಎಲ್ಲರೂ ಹೂಂ ಎಂದು ತಲೆಯಾಡಿಸಿದರು.

“ಬಾಡಿಗೆ ಎಷ್ಟೂಂತ ಕೇಳಿ ಸಾರ್. ಮೇಡಂ ಒಪ್ಪಿದ್ರೆ ಈ ಶುಕ್ರವಾರವೇ ಸಾಮಾನು ತರ್ತೇವೆ.”