ಗೋಡೆಯ ಮೇಲಿನ ನಗರವೂ ಖಲ್ಫಾನರ ಮಗಳ ಮದುವೆಯೂ

ಖೋರ್ ನಬ್ಹಾನ್ ನಗರವು ಪುರಸಭಾ ಭವನದ ಪೂರ್ವದ ಗೋಡೆಯ ಮೇಲೆ ಇದೆ. ಹೊರಗೆ ಕಡಲ ದಂಡೆಯಲ್ಲಿ ಕಾಣುವ ಗೋಪುರ, ರಸ್ತೆ, ಮಸೀದಿ, ಮೀನು ಮಾರುಕಟ್ಟೆ ಇತ್ಯಾದಿಗಳು ಸದರಿ ನಗರದ ತಾತ್ಕಾಲಿಕ ಪ್ರತಿಯಾಗಿದ್ದು, ಅವುಗಳಲ್ಲಿ ಕಂಡುಬರುವ ತಪ್ಪುಗಳನ್ನು ಹಂತಹಂತವಾಗಿ ತಿದ್ದಲಾಗುತ್ತಿದೆ. ಈ ವಿಷಯದಲ್ಲಿ ನಾಗರಿಕರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದು ಹೀಗೆಂದು ತೀರ್ಮಾನವಾದದ್ದು ಉದ್ಘಾಟನೆಯ ದಿನ. ಹಿಸ್ಸಾ ಎಂಬ ಕಲಾವಿದೆ ಇಡೀ ಗೋಡೆಯ ತುಂಬ ಟೈಲ್ಸ್ ಮೇಲೆ ಬಣ್ಣ ಹಚ್ಚಿ, ಸುಟ್ಟು, ಜೋಡಿಸಿ, ಹೊಳೆಹೊಳೆಯುವ ನಗರದ ಚಿತ್ರವೊಂದನ್ನು ಮಾಡಿದ್ದಳು. ಪರದೆ ಎಳೆದವರು ಸೌಂದರ್ಯೀಕರಣ ಇಲಾಖೆಯ ಮುಖ್ಯಸ್ಥರಾದ ಡಾಕ್ಟರ್ ಥಾನಿ. ಎಳೆದ ಕೂಡಲೇ ಅವರಿಗೆ ಕಣ್ಣು ತುಂಬಿ ಬಂತು. "ಇದೇ ನಮ್ಮ ನಗರ! ಇದರಲ್ಲಿರೋದೆಲ್ಲ ನಮ್ಮಲ್ಲಿದೆ. ಇದರಲ್ಲಿಲ್ಲದ್ದು ನಮಗೆ ಬೇಡವೇ ಬೇಡ!" ಅಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದದ್ದರಿಂದ ಅದು ಠರಾವಾಯಿತು.

ಮೊದಲು ಖರ್ಜೂರದ ಮರಗಳು ನೀಲಿಯಾದವು. ಚಿತ್ರದಲ್ಲಿ ಅವು ನೀಲಿ.

"ಡಾಕ್ಟ್ರೇ, ಹಸಿರು ಬಣ್ಣ ಮುಗ್ದುಹೋಗಿತ್ತು, ಅದಕ್ಕೆ ಇದ್ದದ್ದು ಹಚ್ಚಿದೆ. ಅದು ಬರೀ ಚಿತ್ರ," ಅಂದಳು ಹಿಸ್ಸಾ.

ಕಲಾವಿದೆಯ ವಿನಯವನ್ನು ಇಲಾಖೆ ಬಹಿರಂಗವಾಗಿ ಶ್ಲಾಘಿಸಿತು. ಮರುದಿನದಿಂದ ಕಡಲ ದಂಡೆಯ ಉದ್ದಕ್ಕೂ ಏಣಿ ಹಾಕಿಕೊಂಡು ಗರಿಗರಿಗೂ ಬಣ್ಣ ಬಳಿದರು. ಚಿತ್ರದಲ್ಲೊಂದು ಕಡಲಹಕ್ಕಿ ಮುಂದುಗಡೆ ಹಾರುತ್ತಿತ್ತು. ಮುಂದುಗಡೆ ಇದ್ದದ್ದರಿಂದ ಪಕ್ಕದ ಬ್ಯಾಂಕಿಗಿಂತ ದೊಡ್ಡದಾಗಿತ್ತು. ಆ ಅಳತೆಯ ಹಕ್ಕಿ ಊರಲ್ಲಿ ಸಿಗಲಿಲ್ಲ. ಬಟ್ಟೆಯಲ್ಲಿ ಹೊಲಿಸಿ, ಗಾಳಿ ತುಂಬಿಸಿ, ಬ್ಯಾಂಕಿನ ನೆತ್ತಿಗೆ ಕಟ್ಟಿದರು. ಉತ್ತರದ ಗಾಳಿ ಬೀಸಿದಾಗ ಹಗ್ಗ ಕಿತ್ತುಕೊಂಡು ಸಮುದ್ರದಾಚೆಯ ದೇಶಕ್ಕೆ ಹೋಯಿತು. ಅವರು ಸೌಜನ್ಯದಿಂದ ಮಡಚಿ ವಾಪಸು ಕಳಿಸಿದರು.

ಇದನ್ನೆಲ್ಲ ನೋಡಿ ಖಲ್ಫಾನ್ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಬಂದರಿನಲ್ಲಿ ಹಡಗು ಎಳೆಯುವ ದೋಣಿ ನಡೆಸಿ ನಿವೃತ್ತರಾದವರು ಅವರು. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕೂಗುವುದಿಲ್ಲ. ಎಲ್ಲರಿಗೂ ಅವರು ಅಬು ಅಫ್ರಾ, ಅಂದರೆ ಅಫ್ರಾಳ ಅಪ್ಪ. ಬೇರೆಯವರ ಮನೆ ಮುಂದಿನ ಮರ ನೀಲಿಯಾದರೆ ಯಾರಿಗೆ ತಾನೇ ನಗು ಬರುವುದಿಲ್ಲ? ಆ ನಗು ನಿಂತದ್ದು ಅಫ್ರಾಳ ಮದುವೆಗೆ ಅಂಗಳದಲ್ಲಿ ಡೇರೆ ಹಾಕಲು ಅನುಮತಿ ಕೇಳಿಕೊಂಡು ಪುರಸಭೆಗೆ ಹೋದ ದಿನ.

ಗುಮಾಸ್ತ ಉಬೈದ್ ಅವರನ್ನು ನೇರ ಗೋಡೆಯ ಹತ್ತಿರ ಕರೆದೊಯ್ದ. "ನಿಮ್ಮ ಮನೆ ಎಲ್ಲಿದೆ ತೋರಿಸಿ, ಅಬು ಅಫ್ರಾ."

ಖಲ್ಫಾನ್ ಬೆರಳಿಟ್ಟು ಹುಡುಕಿದರು. "ಇದು ಮಸೀದಿ. ಇದು ರೊಟ್ಟಿ ಅಂಗಡಿ. ಇವೆರಡರ ಮಧ್ಯೆ... ಹಾಂ, ಇಲ್ಲಿ."

"ಇದು ಸಂದು," ಅಂದ ಉಬೈದ್. "ಈ ಟೈಲ್ಸಿಗೂ ಆ ಟೈಲ್ಸಿಗೂ ನಡುವೆ ಬಿಡೋ ಸಂದು. ಬಿಳಿ ಸಿಮೆಂಟ್ ತುಂಬಿದ್ದಾರೆ ನೋಡಿ."

"ಅದರ ಕೆಳಗೆ ನನ್ನ ಮನೆ ಇದೆಯಪ್ಪಾ!"

"ಕೆಳಗೆ ಗೋಡೆ ಇದೆ."

ಗೋಡೆಯ ಮೇಲೆ ಆ ಸಂದು ಬೆರಳಿನಷ್ಟೂ ದಪ್ಪವಿಲ್ಲ. ನಗರದ ಅಳತೆಗೆ ಹಿಗ್ಗಿಸಿದರೆ ಮಾತ್ರ ಸಮುದ್ರದಿಂದ ಮರಳುಗಾಡಿನ ತನಕ ಒಂದಿಡೀ ಬೀದಿ ಅದರೊಳಗೆ ಬೀಳುತ್ತಿತ್ತು. ಆ ಬೀದಿಯ ಜನ ಹುಟ್ಟಿದಂದಿನಿಂದ ಸಿಮೆಂಟಿನೊಳಗೆ ವಾಸವಾಗಿದ್ದರೂ ಅದನ್ನು ಇಲಾಖೆಯ ಗಮನಕ್ಕೆ ತಂದಿರಲಿಲ್ಲ.

ಡಾಕ್ಟರ್ ಥಾನಿ ಮನುಷ್ಯ ಒಳ್ಳೆಯವರು. ಇಂಥ ಸಂಗತಿಯನ್ನು ನೋಟೀಸಿನಲ್ಲಿ ಹೇಳಬಾರದೆಂದು ತಾವೇ ಖಲ್ಫಾನರ ಮನೆಗೆ ಬಂದು, ಅತಿಥಿಗಳನ್ನು ಕೂರಿಸುವ ಮಜ್ಲಿಸಿನಲ್ಲಿ ಕುಳಿತರು. ಖಲ್ಫಾನ್ ಏಲಕ್ಕಿ ಘಮಘಮಿಸುವ ಕಾಫಿ ಬಗ್ಗಿಸಿ ಕೊಟ್ಟರು. ಡಾಕ್ಟರು ಬಟ್ಟಲನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟರು.

ಆ ಸೀಮೆಯಲ್ಲಿ ಬಂದವರು ಕುಡಿಯದೆ ಬಟ್ಟಲು ಕೆಳಗಿಟ್ಟರೆ ಏನೋ ಬೇಡಲು ಬಂದಿದ್ದಾರೆ ಎಂದೇ ಅರ್ಥ. ಮರ್ಯಾದಸ್ಥರ ಮನೆಯಲ್ಲಿ ಅದೇನೆಂದು ಕೇಳುವುದಕ್ಕೂ ಮೊದಲೇ ಒಪ್ಪಿಬಿಡುವುದು ವಾಡಿಕೆ. ಮದುವೆಗೆ ಕರೆದಿಲ್ಲವೆಂದು ಬೇಸರವಿರಬೇಕು ಪಾಪ ಅಂದುಕೊಂಡ ಖಲ್ಫಾನ್ ಎದೆಯುಬ್ಬಿಸಿ ಹೇಳಿದರು: "ಕುಡೀರಿ ಡಾಕ್ಟ್ರೇ! ನೀವು ಕೇಳಿದ್ದು ಆಯ್ತು ಅಂತಲೇ ತಿಳ್ಕೊಳ್ಳಿ!"

ಡಾಕ್ಟರು ಕುಡಿದರು. ಇನ್ನೊಂದು ಕುಡಿದರು. ಮತ್ತೊಂದನ್ನೂ ಕುಡಿದು ಬಟ್ಟಲು ಅಲ್ಲಾಡಿಸಿ ಸಾಕೆಂದು ತಿಳಿಸಿದರು. ಆಮೇಲೆ ಹೇಳಿದರು: "ಈ ಸಂದು, ನಿಮ್ಮ ಮನೆಯೂ ಸೇರಿ, ಕಡಲಿಂದ ಮರಳುಗಾಡಿನ ತನಕ ಒಂದೇ ಬಿಳಿ ಗೆರೆಯಾಗಿ ಕಾಣಬೇಕು. ಮೇಲಿಂದ ನೋಡಿದ್ರೆ ಎಲ್ಲೂ ತುಂಡಾಗಬಾರದು. ಗುರುವಾರ ಸಮಿತಿಯವರು ತಪಾಸಣೆಗೆ ಬರ್ತಾರೆ."

"ಗುರುವಾರ ನನ್ನ ಮಗಳ ಮದುವೆ ಡಾಕ್ಟ್ರೇ!"

"ಮಬ್ರೂಕ್, ಮಬ್ರೂಕ್! ಶುಭವಾಗಲಿ! ಎಲ್ಲಿ?"

"ಇಲ್ಲೇ, ಈ ಅಂಗಳದಲ್ಲಿ."

"ಯಾವ ಅಂಗಳದಲ್ಲಿ?" ಎಂದು ಕೇಳಿದರು ಡಾಕ್ಟರು, ಖರ್ಜೂರದ ಬೀಜವನ್ನು ತಟ್ಟೆಯಲ್ಲಿಡುತ್ತ. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

ಅವರು ಹೋದಮೇಲೆ ಖಲ್ಫಾನ್ ಅಂಗಳವನ್ನೇ ನೋಡುತ್ತ ಕೂತರು. ಅಪ್ಪ ಕಡಲಿನ ಹವಳಗಲ್ಲು ತಂದು ಕಟ್ಟಿದ ಮನೆ. ಅಫ್ರಾ ಅಂಬೆಗಾಲಿಟ್ಟ ಅಂಗಳ. ಅವಳನ್ನು ಆ ಅಂಗಳದಿಂದಲೇ ಗಂಡನ ಮನೆಗೆ ಕಳಿಸಬೇಕೆಂದು ಆಸೆಪಟ್ಟವರು ತಮ್ಮ ಕೈಯಾರೆ ಎಲ್ಲವನ್ನೂ ಸಿಮೆಂಟಿಗೆ ದಾನ ಮಾಡಿ ಕೂತಿದ್ದರು. ದುಃಖ ಉಕ್ಕಿ ಬಂತು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಹೆಂಡತಿ ಮೌಜಾ ಬಂದಳು.

"ನಾಲಿಗೆಗೆ ಒಂದು ಲಗಾಮು ಬೇಡ್ವಾ ನಿಮಗೆ? ಕಾಫಿಯನ್ನೂ ನಾವೇ ಕೊಟ್ಟು ಮನೇನೂ ನಾವೇ ಕೊಡೋದಾ? ಅವನು ಇನ್ನೊಂದು ಬಟ್ಟಲು ಕುಡ್ದಿದ್ರೆ ನನ್ನನ್ನೂ ಕೊಟ್ಟು ಕಳಿಸ್ತಿದ್ರೋ ಏನೋ!"

"ಕೊಟ್ಟಾಯ್ತಲ್ಲ ಮೌಜಾ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

"ಮುತ್ತಿನ ವಿಷಯ ನನಗೆ ಹೇಳ್ಬೇಡಿ, ನಮ್ಮಜ್ಜ ಮುಳುಗಿ ತೆಗೀತಿದ್ರು. ಅವನು ಕೇಳಿದ್ದೇನು, ಸರಿಯಾಗಿ ಹೇಳಿ."

"ಈ ತುದಿಯಿಂದ ಆ ತುದಿಗೆ ಬಿಳಿ ಗೆರೆ ಕಾಣಬೇಕು ಅಂದ."

"ಸಿಮೆಂಟು ಅಂದನಾ?"

ಖಲ್ಫಾನ್ ನೆನಪು ಮಾಡಿಕೊಂಡರು. "ಇಲ್ಲ... ಅನ್ಲಿಲ್ಲ."

"ಹಾಗಾದ್ರೆ ಎದ್ದು ಫೋನ್ ತಗೊಳ್ಳಿ. ಈ ಊರ ಗಂಡಸರು ಹುಟ್ಟಿದಾಗಿಂದ ಉಡೋದು ಯಾವ ಬಣ್ಣ? ಒಬ್ಬರನ್ನೂ ಬಿಡಬೇಡಿ, ಎಲ್ಲರನ್ನೂ ಮದುವೆಗೆ ಕರೀರಿ!"

ಗುರುವಾರ ಬಂತು. ಸಿಮೆಂಟ್ ಕಲಸುವ ಲಾರಿಗಳು ಗುರುಗುಟ್ಟುತ್ತ ಕಡಲಿನ ಕಡೆಯಿಂದ ಬೀದಿಗೆ ತಿರುಗಿದವು. ತಿರುಗಿದಲ್ಲೇ ನಿಂತವು. ಸಮುದ್ರದ ಅಲೆ ಮುಟ್ಟುವ ಜಾಗದಿಂದ ಬೀದಿಯ ಉದ್ದಕ್ಕೂ ಬಿಳಿ ನಿಲುವಂಗಿ, ಬಿಳಿ ತಲೆವಸ್ತ್ರದ ಗಂಡಸರು, ಎದುರುಬದುರು ಎರಡು ಸಾಲು, ಭುಜಕ್ಕೆ ಭುಜ ಹಚ್ಚಿ, ಬೆತ್ತ ಎತ್ತಿ ಇಳಿಸಿ, ಡೋಲಿನ ಗತ್ತಿಗೆ ತೂಗಾಡುತ್ತಿದ್ದರು. ಮನೆಗಳ ಮೇಲೆಲ್ಲ ಸುಣ್ಣ ಬಳಿದು ಬಿಳಿ ಹೊದಿಕೆ ಹಾಸಿದ್ದರು. ಮದುವೆ ಸಾಲಿನ ಮೇಲೆ ಸಿಮೆಂಟ್ ಸುರಿಯುವುದುಂಟೇ? ಲಾರಿ ಚಾಲಕರಿಗೆ ಒಂದೊಂದು ನಿಲುವಂಗಿ ತೊಡಿಸಿ ಸಾಲಿನಲ್ಲಿ ನಿಲ್ಲಿಸಿದರು.

ಊರಿನ ಅತಿ ಎತ್ತರದ ಗೋಪುರದ ತುದಿಯಲ್ಲಿ ಸಮಿತಿ ದುರ್ಬೀನು ಹಿಡಿದು ನಿಂತಿತ್ತು.

"ಗೆರೆ ಬಿಳಿ ಇದೆ. ನೇರವೂ ಇದೆ," ಅಂದರು ಡಾಕ್ಟರ್ ಥಾನಿ. "ಆದ್ರೆ ಸ್ವಲ್ಪ ಅಲುಗಾಡ್ತಾ ಇದೆಯಲ್ಲ?"

"ಇನ್ನೂ ಹಸಿ ಡಾಕ್ಟ್ರೇ," ಅಂದರು ಸಮಿತಿಯ ಎಂಜಿನಿಯರ್ ಸುಹೈಲ್. "ಗಟ್ಟಿಯಾಗೋಕೆ ಟೈಮ್ ಹಿಡಿಯುತ್ತೆ."

"ಡೋಲಿನ ಸದ್ದು?"

"ಒಳ್ಳೆ ಸಿಮೆಂಟು ಸದ್ದು ಮಾಡುತ್ತೆ."

ಅಷ್ಟರಲ್ಲಿ ಬಿಳಿ ಗೆರೆಯ ನಡುವೆ ಕಪ್ಪು ಎಳೆಯೊಂದು ಹಾಯಿತು. ಅದು ಕರಿ ಅಬಾಯಾ ತೊಟ್ಟ ಮೌಜಾ, ಮಚ್ಬೂಸ್ ಅನ್ನದ ದೊಡ್ಡ ಹರಿವಾಣ ಹೊತ್ತು ಬೀದಿ ದಾಟುತ್ತಿದ್ದಳು.

"ಬಿರುಕು! ಬಿರುಕು ಬಿಟ್ಟಿತು!" ಎಂದು ಡಾಕ್ಟರು ಕೂಗಿದರು. ಸುಹೈಲ್ ದುರ್ಬೀನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಎಳೆ ಮಾಯ. ತಾನೇ ಕೂಡಿಕೊಳ್ಳುವ ಉತ್ತಮ ಜಾತಿಯ ಸಿಮೆಂಟು ಎಂದು ದಾಖಲಾಯಿತು. ತಪಾಸಣೆ ಪಾಸಾಯಿತು.

ಬೀದಿಗೆ ಬೀದಿಯೇ ಕುಣಿದಾಡಿತು! ಹೆಂಗಸರು ಒಳಗಿನಿಂದ ನಾಲಿಗೆ ಹೊರಳಿಸಿ ಸಂತೋಷದ ಕೇಕೆ ಹಾಕಿದರು, ಮದುಮಗ ಮಟ್ಟರ್ ಬೆತ್ತವನ್ನು ಆಕಾಶಕ್ಕೆಸೆದು ಹಿಡಿದ, ಖಲ್ಫಾನ್ ಆ ಸೀಮೆಯ ವಾಡಿಕೆಯಂತೆ ಕಂಡಕಂಡವರ ಮೂಗಿಗೆ ಮೂಗು ತಾಗಿಸಿ ಅತ್ತರು. ಉಂಡ ಮೇಲೆ ಜನ ಚಪ್ಪಲಿ ಹುಡುಕತೊಡಗಿದರು. ಬೀದಿಯ ಎರಡೂ ತುದಿಯಲ್ಲಿ ಕಾವಲುಗಾರರು ನಿಂತಿದ್ದರು. ಪ್ರಕಟಣೆ ಓದಲಾಯಿತು:

"ಸಾರ್ವಜನಿಕರ ಗಮನಕ್ಕೆ. ತಪಾಸಣೆಯಲ್ಲಿ ತೇರ್ಗಡೆಯಾದ ಸಂದಿನಿಂದ ಬಿಳಿ ಪದಾರ್ಥವನ್ನು ಕೀಳುವುದು, ಮನೆಗೆ ಕೊಂಡೊಯ್ಯುವುದು ಅಥವಾ ಸದರಿ ಪದಾರ್ಥವು ತಾನಾಗಿಯೇ ಮನೆಗೆ ಹೋಗುವುದು ನಿಷಿದ್ಧ. ಖಾಲಿ ಕಂಡ ಜಾಗವನ್ನು ಲಾರಿ ಸಿಮೆಂಟಿನಿಂದ ಮುಚ್ಚಲಾಗುವುದು."

ಸಾಲಿನವರು ಮುಖ ಮುಖ ನೋಡಿಕೊಂಡರು, ಖಲ್ಫಾನರ ಮನೆಯ ಕಡೆ ನೋಡಿದರು, ಡೋಲಿನವನ ಕಡೆ ನೋಡಿದರು. ಮುದುಕನೊಬ್ಬ ಬೆತ್ತ ಎತ್ತಿದ. "ಬಾರಿಸಯ್ಯಾ, ಏನು ನೋಡ್ತೀಯಾ!"

ಹಾಗಾಗಿ ಮದುವೆ ಈಗಲೂ ನಡೆಯುತ್ತಿದೆ. ಒಬ್ಬರು ಹೋಗಬೇಕಾದರೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಬಂದರಿನವರು ಬೆಳಿಗ್ಗೆ, ಶಾಲಾ ಮಾಸ್ತರರು ಮಧ್ಯಾಹ್ನದ ಮೇಲೆ. ಸಂದಿನ ವೇಳಾಪಟ್ಟಿಗೆ ಪ್ರತ್ಯೇಕ ವಿಭಾಗವಿದ್ದು, ಗುಮಾಸ್ತ ಉಬೈದನಿಗೆ ಅಲ್ಲಿ ಬಡ್ತಿ ಸಿಕ್ಕಿದೆ. ಚಳಿಗಾಲದಲ್ಲಿ ಕಂದು ನಿಲುವಂಗಿ ತೊಟ್ಟು ಬಂದವರನ್ನು ಕಲೆ ಎಂದು ಒರೆಸಿ ತೆಗೆಯಲಾಗುತ್ತದೆ. ಮುಗಿಯದ ಮದುವೆಯಿಂದ ಮದುಮಗಳನ್ನು ಕಳಿಸಿಕೊಡುವ ಪದ್ಧತಿ ಇಲ್ಲದ್ದರಿಂದ ಅಫ್ರಾ ತವರಲ್ಲೇ ಇದ್ದಾಳೆ. ಮಟ್ಟರ್ ಕುಣಿದು ಮುಗಿಸಿ ಒಳಗೆ ಊಟಕ್ಕೆ ಬರುತ್ತಾನೆ. "ಮದುವೆ ಅಂದ್ರೆ ಹೀಗಿರ್ಬೇಕು," ಅನ್ನುತ್ತಾಳೆ ಮೌಜಾ. ಮಗಳು ಕಣ್ಣೆದುರಿಗಿರುವುದು ಅವಳಿಗೆ ಎಷ್ಟು ಸಂತೋಷವೆಂದರೆ ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವಳು ಮಾಡುವುದಿಲ್ಲ.

ಹೊಸ ಸಿಮೆಂಟಿಗೆ ದಿನವೂ ನೀರುಣಿಸಬೇಕೆಂಬುದು ಎಂಜಿನಿಯರ್ ಸುಹೈಲ್ ಅವರ ಆದೇಶ. ಅದರಂತೆ ಖಲ್ಫಾನ್ ಬೆಳಿಗ್ಗೆ ಪನ್ನೀರುದಾನಿ ಹಿಡಿದು, ಕಡಲಿನ ತುದಿಯಿಂದ ಹೊರಟು, ಸಾಲಿನ ಒಬ್ಬೊಬ್ಬರ ಮೇಲೂ ಚಿಮುಕಿಸುತ್ತ ಬರುತ್ತಾರೆ. ನಡುವೆ, ರೊಟ್ಟಿ ಅಂಗಡಿಯ ಎದುರಿಗೆ, ಡಾಕ್ಟರ್ ಥಾನಿಯವರ ಜಾಗ. ಅವರು ಕಚೇರಿಗೆ ಹೋಗುವ ಮುನ್ನ ಒಂದು ಗಳಿಗೆ ಕುಣಿದೇ ಹೋಗುವುದು. ಖಲ್ಫಾನ್ ಹತ್ತಿರ ಬಂದ ಕೂಡಲೇ ತಲೆ ಬಗ್ಗಿಸಿ ಮೆಲ್ಲಗೆ ಹೇಳುತ್ತಾರೆ:

"ಇನ್ನೊಂಚೂರು ಹಾಕಿ, ಅಬು ಅಫ್ರಾ. ಒಣಗಿಬಿಟ್ರೆ ಕಷ್ಟ."