ಅಮಾವಾಸ್ಯೆಯ ಚೇರ್ಮನ್

ಡೊಂಬಿವಲಿ ಪೂರ್ವದ ಸಿದ್ಧಿಕೃಪಾ ಸೊಸೈಟಿಯಲ್ಲಿ ಪುಂಡರೀಕಾಕ್ಷ ರಾಯರ ಅಡುಗೆಮನೆ ಮೂರು ವರ್ಷಗಳಿಂದ ಸೋರುತ್ತಿತ್ತು. ಸೋರುತ್ತಿದ್ದದ್ದು ಮೇಲಿನ ಮನೆಯ ಮಧ್ವರಾಜರ ಬಚ್ಚಲು. ಅದನ್ನು ಒಡೆಸಿ ರಿಪೇರಿ ಮಾಡಿಸಿ ಎಂದು ನೋಟಿಸು ಕೊಡಬೇಕಾದವರು ಸೊಸೈಟಿಯ ಚೇರ್ಮನ್ ಲೋಕನಾಥ. ಲೋಕನಾಥ ಮಧ್ವರಾಜರ ಖಾಸಾ ಭಾವ. ಇನ್ನು ನೋಟಿಸು ಎಲ್ಲಿಂದ ಬರಬೇಕು! ರಾಯರ ಹೆಂಡತಿ ಶ್ರೀಮತಿ ಒಲೆಯ ಪಕ್ಕ ಬಕೆಟ್ ಇಟ್ಟುಕೊಂಡೇ ಮೂರು ದೀಪಾವಳಿ ಕಳೆದಿದ್ದರು.

2002ರ ಅಕ್ಟೋಬರಿನ ಒಂದು ಶನಿವಾರ ಲೋಕನಾಥರ ಅವಧಿ ಮುಗಿಯಿತು. ಹೊಸದಾಗಿ ಆರಿಸಿ ಬಂದವರು ಯಾರು ಅಂತೀರಿ? ಇದೇ ಮಧ್ವರಾಜರು! ಆದರೆ ಮರುದಿನ ಆದಿತ್ಯವಾರ, ಮಹಾಲಯ ಅಮಾವಾಸ್ಯೆ.

"ಅಮಾವಾಸ್ಯೆಯಲ್ಲಿ ಯಾರಾದ್ರೂ ಚಾರ್ಜ್ ತಗೊಳ್ತಾರಾ ಮಾರಾಯ್ರೆ?" ಎಂದ ಮಧ್ವರಾಜರು, 'ಅಮಾವಾಸ್ಯೆ ಕಳೆದ ಕೂಡಲೇ ಅಧಿಕಾರ ಸ್ವೀಕರಿಸುತ್ತೇನೆ' ಎಂದು ಬರೆದುಕೊಟ್ಟು ಮೆಟ್ಟಿಲು ಹತ್ತಿದರು. ಕಮಿಟಿಯಲ್ಲಿ ಹಿರಿಯರು ಪುಂಡರೀಕಾಕ್ಷ ರಾಯರು. ಒಂದು ದಿನದ ಮಟ್ಟಿಗೆ ಬೀಗದ ಕೈ, ಸೀಲು, ರಿಜಿಸ್ಟರು ಅವರ ಕೈಗೆ ಬಂದವು. ರಾಯರು ಆ ಪತ್ರವನ್ನು ಮಡಚಿ ಫೈಲಿಗೆ ಸೇರಿಸಿದರು.

ರಾಯರಿಗೆ ಶಹಾಡಿನ ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಚಟ ಒಂದೇ, ಕಲ್ಯಾಣ್ ಸ್ಟೇಶನ್ನಿನ ಹೊರಗೆ ಹಳೇ ಪುಸ್ತಕ ಕೊಂಡು ಅಮೆರಿಕದ ಇತಿಹಾಸ ಓದುವುದು. ಆದಿತ್ಯವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತವರು ಕುಣಿಯುವುದೊಂದು ಬಾಕಿ.

"ಕೇಳು ಮಾರಾಯ್ತಿ! 1849ರ ಮಾರ್ಚ್ ನಾಲ್ಕು, ಅದೂ ಆದಿತ್ಯವಾರವೇ. ಹಳೇ ಅಧ್ಯಕ್ಷರ ಅವಧಿ ಮುಗಿದಿತ್ತು. ಹೊಸಬ್ರು ಟೇಲರ್, ಆದಿತ್ಯವಾರ ದೇವರ ದಿನ, ಪ್ರಮಾಣವಚನ ನಾಳೆಯೇ ಅಂತ ಹೇಳಿಬಿಟ್ರು. ಆ ಒಂದು ದಿನಕ್ಕೆ ಅಮೆರಿಕದ ಅಧ್ಯಕ್ಷ ಯಾರು ಗೊತ್ತುಂಟಾ? ಅಲ್ಲಿಯ ಮೇಲ್ಮನೆ ಸೆನೆಟ್ಟಿನ ಸಭಾಪತಿ ಅಚಿಸನ್!"

"ಅವ್ರು ಎಂತ ಮಾಡಿದ್ರು?"

"ಹೆಚ್ಚಿನ ಹೊತ್ತು ಮಲಗಿದ್ರಂತೆ. ಅವ್ರೇ ಹೇಳಿಕೊಂಡದ್ದು."

"ನೀವು ಮಲಗ್ಬೇಡಿ. ಮೊದ್ಲು ಆ ನೋಟಿಸಿಗೆ ಸೈನ್ ಹಾಕಿ."

ರಾಯರು ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಬೆಲ್ ಆಯಿತು. ಬಾಗಿಲಲ್ಲಿ ವಾಚ್‌ಮನ್ ಸೈದಪ್ಪ.

"ಪಂಪ್ ಸುಟ್ಟ ಹೋಗೇತ್ರಿ ಸಾಹೇಬ್ರ. ನೀರ ಮ್ಯಾಲ ಏರವಲ್ದು."

ರಾಯರು ಟ್ಯಾಂಕರ್ ತರಿಸಿದರು. ಅದರ ಪೈಪು ಕಳಚಿಕೊಂಡು ಅರ್ಧ ನೀರು ಪಾರ್ಕಿಂಗಿಗೆ ಹರಿಯಿತು. ಒದ್ದೆ ಪ್ಯಾಂಟಿನಲ್ಲೇ ಮೇಲೆ ಬಂದು ಪೆನ್ನು ಹಿಡಿದರೆ ಮತ್ತೆ ಬೆಲ್. ನವರಾತ್ರಿಯ ಗರ್ಬಾ ಮಂಡಳಿಯವರಿಗೆ ಮಂಟಪಕ್ಕೆ ಪರವಾನಗಿ ಬೇಕು. ಕೊಟ್ಟರು. ಹತ್ತು ನಿಮಿಷಕ್ಕೆ ಕೆಳಮನೆಯ ಗುರಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದರು.

"ಏನ್ರೀ ಚೇರ್ಮನ್ನರ, ನನ್ನ ಕಿಡಕಿ ಮುಂದ ಸ್ಪೀಕರ್ ಇಡಾಕ ನೀವs ಹೇಳೀರೇನ? ಒಂಬತ್ತ ದಿನ ನಾ ನಿದ್ದಿ ಮಾಡೂದು ಬ್ಯಾಡೇನ?"

ರಾಯರು ಸ್ಪೀಕರ್ ಎಡಕ್ಕೆ ತಿರುಗಿಸಲು ಹೇಳಿದರು. ಎಡಗಡೆಯವರು ಕೂಗಾಡಿದರು. ಬಲಕ್ಕೆ ತಿರುಗಿಸಿದರೆ ಬಲಗಡೆಯವರು. ಕೊನೆಗೆ ರೋಸಿಹೋಗಿ, "ನಮ್ಮ ಕಿಟಕಿಗೇ ತಿರುಗಿಸಿ, ಹಾಳಾಗಿ ಹೋಗ್ಲಿ!" ಎಂದು ಲಿಖಿತ ಅಪ್ಪಣೆ ಹೊರಡಿಸಿ, ರಿಜಿಸ್ಟರಿನಲ್ಲಿ ಸಮಯ ಸಮೇತ ದಾಖಲಿಸಿದರು.

ಊಟಕ್ಕೆ ಕೂತಾಗ ಎರಡೂವರೆ. ಹಿರಿಯರ ಹೆಸರಿನ ಪಾಯಸ, ವಡೆ. ಕಣ್ಣು ಎಳೆಯತೊಡಗಿತು.

"ಸೈನ್?" ಎಂದರು ಶ್ರೀಮತಿ.

"ಅಮೆರಿಕದ ಅಧ್ಯಕ್ಷರೇ ಮಲಗಿದ್ರು. ನಾನು ಅರ್ಧ ಗಂಟೆ ಮಲಗಿದ್ರೆ ಎಂತ ಮುಳುಗ್ತದೆ? ಇಡೀ ದಿನ ನಮ್ಮದೇ ಅಲ್ವಾ."

ಎದ್ದಾಗ ಐದು ಗಂಟೆ. ಮುಖ ತೊಳೆದು, ಎರಡು ಸಲ ಓದಿ, ರಾಯರು ಸಹಿ ಹಾಕಿದರು. ಸೀಲು ಒತ್ತಿದರು. ರಿಜಿಸ್ಟರಿನಲ್ಲಿ '5.10' ಎಂದು ದುಂಡಗೆ ಬರೆದರು. ಸೈದಪ್ಪ ನೋಟಿಸನ್ನು ಮಧ್ವರಾಜರ ಬಾಗಿಲಿಗೆ ಅಂಟಿಸಿ ಬಂದ. ಶ್ರೀಮತಿಗೆ ಎಷ್ಟು ಖುಷಿಯಾಯಿತೆಂದರೆ, ಕೇಳದೆಯೇ ಗಂಡನಿಗೆ ಎರಡನೇ ಕಾಫಿ ಬಂತು.

ಸೋಮವಾರ ಬೆಳಗ್ಗೆ ಮಧ್ವರಾಜರು ಬಂದರು. ಒಂದು ಕೈಯಲ್ಲಿ ನೋಟಿಸು, ಇನ್ನೊಂದರಲ್ಲಿ ಉಡುಪಿಯ ಪಂಚಾಂಗ. ಸಿಟ್ಟೇ ಇಲ್ಲ, ನಗುತ್ತಲೇ ಮೇಜಿನ ಮೇಲಿದ್ದ ರಿಜಿಸ್ಟರು ಬಿಡಿಸಿದರು.

"ರಾಯರೇ, ನಾನು ಎಂತ ಬರ್ಕೊಟ್ಟಿದ್ದೆ? ಅಮಾವಾಸ್ಯೆ ಕಳೆದ ಕೂಡಲೇ ಅಂತ. ಸೋಮವಾರ ಅಂತ ಬರ್ದಿದ್ದೆನಾ? ನೋಡಿ ಇಲ್ಲಿ. ಅಮಾವಾಸ್ಯೆ ನಿನ್ನೆ ನಾಲ್ಕು ನಲವತ್ತೆಂಟಕ್ಕೆ ಮುಗೀತು. ಆಗಿಂದ ಚೇರ್ಮನ್ ನಾನು. ನೀವು ಸೈನ್ ಹಾಕಿದ್ದು ಐದು ಹತ್ತಕ್ಕೆ."

ರಾಯರು ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದ್ರೆ ಆ ಸ್ಪೀಕರಿನ ಅಪ್ಪಣೆ?"

"ಅದು ಹನ್ನೊಂದೂವರೆಗೆ ಬರ್ದದ್ದು. ನಿಮ್ಮ ಅಧಿಕಾರದಲ್ಲೇ ಆದದ್ದು. ನಾನು ಹೇಗೆ ರದ್ದು ಮಾಡುದು ಹೇಳಿ? ನಿಮ್ಮ ಮರ್ಯಾದೆಯ ಪ್ರಶ್ನೆ ಅಲ್ವಾ?"

ಬೀಗದ ಕೈ, ಸೀಲು, ರಿಜಿಸ್ಟರು ಎತ್ತಿಕೊಂಡು ಅವರು ಮೇಲೆ ಹೋದರು. ರಾಯರು ಎದುರಿಗಿದ್ದ ಪುಸ್ತಕವನ್ನು ಸುಮ್ಮನೆ ಬಿಡಿಸಿ, ಓದದೆ ಬಿಟ್ಟಿದ್ದ ಮುಂದಿನ ಪುಟಕ್ಕೆ ಬಂದರು.

"ಎಂತ ಬರ್ದಿದಾರೆ?" ಶ್ರೀಮತಿ ಕೇಳಿದರು.

"ಅಚಿಸನ್ನರ ಸೆನೆಟ್ ಅವಧಿಯೂ ಆಗಲೇ ಮುಗಿದಿತ್ತಂತೆ. ಅವ್ರು ಅಧ್ಯಕ್ಷರೇ ಆಗಿರ್ಲಿಲ್ಲ ಅಂತ ತಿಳಿದವರು ಹೇಳ್ತಾರಂತೆ."

ಕೆಳಗೆ ಗರ್ಬಾದ ಸ್ಪೀಕರ್ ಅವರ ಕಿಟಕಿಗೆ ಮುಖ ಮಾಡಿ 'ಹಲೋ, ಚೆಕ್, ಚೆಕ್' ಎಂದು ಗುಡುಗಿತು. ಮೇಲೆ ಹೊಸ ಚೇರ್ಮನ್ನರು ನವರಾತ್ರಿ ಪೂಜೆಯ ಸ್ನಾನಕ್ಕೆ ಬಚ್ಚಲಿಗೆ ಹೋದರು. ಶ್ರೀಮತಿ ಬಕೆಟ್ ತಂದು ಒಲೆಯ ಪಕ್ಕ ಇಟ್ಟರು.